ಕೊಡಗಿಗೆ ಹೊಸಬರೇ? ಕುಡಿತ ಬಿಡಬೇಕು ಅನ್ನಿಸಿದ್ದರೆ ಇದನ್ನು ಓದಿ

ಹಾಸನದ ಕಡೆಯಿಂದ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟಕ್ಕೆ ರೈಟರ್ (ಲೆಕ್ಕ ಬರೆಯುವವನು) ಆಗಿ ಬಂದಾಗ ಇಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ. ಜೂನ್ ತಿಂಗಳು. ಕರೆಂಟ್ ಇಲ್ಲ, ಶೀಟಿನ ಮೇಲೆ ಒಂದೇ ಸಮನೆ ಮಳೆ, ಮಾತಾಡೋಕೆ ಜನ ಇಲ್ಲ. ಊರಲ್ಲಿ ವಾರಕ್ಕೊಮ್ಮೆ ಇದ್ದ ಕುಡಿತ ಇಲ್ಲಿ ದಿನಾ ಆಯಿತು. ಆಮೇಲೆ ಬೆಳಗ್ಗೆ ಹಲ್ಲುಜ್ಜುವ ಮುಂಚೆಯೇ ಬೇಕು ಅನ್ನುವ ಹಾಗಾಯಿತು. ಈಗ ಬಿಟ್ಟು ಒಂಬತ್ತು ವರ್ಷ. ಬ್ಯಾಂಕು, ಶಾಲೆ, ರೆಸಾರ್ಟು, ತೋಟ ಅಂತ ಹೊಸದಾಗಿ ಬಂದವರು ಅದೇ ದಾರಿಯಲ್ಲಿದ್ದರೆ, ನಿಮಗಾಗಿಯೇ ಬರೆಯುತ್ತಿದ್ದೇನೆ.

ದಿನಾ ಜಾಸ್ತಿ ಕುಡಿಯುವವರು ದಯವಿಟ್ಟು ಹಠ ಮಾಡಿ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ದಿನವೇ ಕೈ ನಡುಕ, ಬೆವರು ಶುರುವಾಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು, ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಾಣುವುದು, ಕೇಳುವುದು ಆಗಬಹುದು. ಇದರಲ್ಲಿ ಜೀವ ಹೋದವರೂ ಇದ್ದಾರೆ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ, ಮಾನಸಿಕ ರೋಗ ವಿಭಾಗ ಎಲ್ಲಿ ಅಂತ ಕೇಳಿ. ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರ್ ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿ. ನಾನು 'ಎರಡು ಪೆಗ್' ಅಂದಿದ್ದೆ. ಕುಡಿಯುತ್ತಿದ್ದದ್ದು ಒಂದು ಕ್ವಾರ್ಟರ್‌ಗಿಂತ ಜಾಸ್ತಿ. ಮಾತ್ರೆಯ ಲೆಕ್ಕ ನೀವು ಹೇಳಿದ್ದರ ಮೇಲೆಯೇ ನಿಲ್ಲುತ್ತದೆ.

ಆಸ್ಪತ್ರೆ ಮೈಯನ್ನು ಸರಿ ಮಾಡುತ್ತದೆ. ಆದರೆ ಸಂಜೆ ಏಳು ಗಂಟೆಗೆ ಒಬ್ಬರೇ ಕೂತಿರುತ್ತೀರಲ್ಲ, ಆಗ ಜೊತೆಗೆ ಬೇಕಾಗುವುದು ಕುಡಿತ ಬಿಟ್ಟವರ, ಬಿಡುತ್ತಿರುವವರ ಗುಂಪು. ಬಿಟ್ಟ ಮೇಲೆ ಗುಂಪಿಗೆ ಹೋಗೋಣ ಅಂತ ಕಾಯಬೇಡಿ. ಬಿಡುವುದಕ್ಕೇ ಅಲ್ಲಿಗೆ ಹೋಗಬೇಕು.

ಹೆಚ್ಚಿನವರು ಕೇಳಿರುವುದು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ಫೀಸ್ ಇಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಜಾತಿ, ಕೆಲಸ ಯಾರೂ ಕೇಳುವುದಿಲ್ಲ. ಹತ್ತಿರದಲ್ಲಿ ಮೀಟಿಂಗ್ ಎಲ್ಲಿದೆ ಅಂತ ತಿಳಿಯಲು 14446ಕ್ಕೆ ಫೋನ್ ಮಾಡಿ ಕೇಳಿ, ಅದು ಚಟ ಬಿಡಿಸಲು ಕೇಂದ್ರ ಸರ್ಕಾರ ನಡೆಸುವ ಸಹಾಯವಾಣಿ. ಆಸ್ಪತ್ರೆಯ ಕೌನ್ಸೆಲರ್‌ಗಳಿಗೂ, ಚರ್ಚಿನ ಫಾದರ್‌ಗಳಿಗೂ ಸಾಮಾನ್ಯವಾಗಿ ಗೊತ್ತಿರುತ್ತದೆ. ಇನ್ನೊಂದು ದಾರಿ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ. ಎಂಟು ದಿನ ಅಲ್ಲೇ ಉಳಿಯಬೇಕು. ಮುಗಿದ ಮೇಲೆ ನವಜೀವನ ಸಮಿತಿ ಅಂತ ಗುಂಪು ಮಾಡುತ್ತಾರೆ. ನಿಮ್ಮ ಊರಿನ ಸ್ವಸಹಾಯ ಸಂಘದ ಹೆಂಗಸರನ್ನು ಕೇಳಿದರೆ ಮುಂದಿನ ಶಿಬಿರ ಎಲ್ಲಿ ಅಂತ ಹೇಳುತ್ತಾರೆ. ಶಿಬಿರವನ್ನಷ್ಟೇ ನಂಬಿಕೊಂಡು ಆಮೇಲೆ ಸಮಿತಿಗೆ ಹೋಗದೆ ಮತ್ತೆ ಬಾಟಲಿ ಹಿಡಿದವರನ್ನು ನೋಡಿದ್ದೇನೆ. ಎಂಟು ದಿನಕ್ಕಿಂತ ಒಂಬತ್ತನೇ ದಿನ ಮುಖ್ಯ.

ಚಿಕ್ಕ ಜಿಲ್ಲೆ, ಯಾರಾದರೂ ಗುರುತು ಹಿಡಿದರೆ? ಈ ಭಯ ನನಗೂ ಇತ್ತು. ಮೀಟಿಂಗಿಗೆ ಮೊದಲ ಸಲ ಹೋಗಿದ್ದು ಶುಕ್ರವಾರ, ಮಡಿಕೇರಿ ಸಂತೆ ದಿನ. ಯಾರಾದರೂ ಕೇಳಿದರೆ ತರಕಾರಿಗೆ ಬಂದೆ ಅನ್ನಬಹುದಲ್ಲ ಅಂತ ಬೀನ್ಸು, ಬದನೆ ತುಂಬಿದ ಚೀಲ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಒಳಗಿದ್ದ ಹಿರಿಯರೊಬ್ಬರು ಏನೂ ಕೇಳಲಿಲ್ಲ. ಚೀಲ ತೆಗೆದುಕೊಂಡು ಕುರ್ಚಿಯ ಕೆಳಗಿಟ್ಟು, 'ಕೂತ್ಕೊಳ್ಳಿ ಅಣ್ಣ' ಅಂದರು. ಸ್ಟೀಲ್ ಲೋಟದಲ್ಲಿ ಅರ್ಧ ಮಾತ್ರ ಟೀ ಕೊಟ್ಟರು. ಕೈ ನಡುಗುವವರಿಗೆ ತುಂಬಿ ಕೊಟ್ಟರೆ ಚೆಲ್ಲುತ್ತದೆ, ಅದು ಅವರಿಗೆ ಗೊತ್ತಿತ್ತು. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಅನ್ನುವುದು ಅವರ ಕಟ್ಟುನಿಟ್ಟು. ಕನ್ನಡ, ಕೊಡವ, ಮಲಯಾಳಂ ಎಲ್ಲ ಬೆರೆಸಿ ಮಾತಾಡುತ್ತಾರೆ. ಮೊದಲ ದಿನ ನೀವು ಮಾತಾಡಲೇಬೇಕು ಅಂತಿಲ್ಲ, ಸುಮ್ನೆ ಕೇಳಿ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಹಾಗಂತ ಒಂದೇ ಮೀಟಿಂಗಿಗೆ ಬೇಡ ಅನ್ನಬೇಡಿ.

ಮನೆಯವರಿಗೂ ಒಂದು ಮಾತು. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ ಅಂತ ಮಾರುತ್ತಾರಲ್ಲ, ಅದನ್ನು ಮುಟ್ಟಬೇಡಿ. ಕೆಲವು ಔಷಧಿ ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿಯಾಗಿ, ಬಿಪಿ ಇಳಿದು ಪ್ರಾಣಕ್ಕೇ ಕುತ್ತು ಬರುತ್ತದೆ. ಕುಟುಂಬದವರಿಗೆ ಅಲ್-ಅನಾನ್ ಅಂತ ಬೇರೆ ಗುಂಪು ಇದೆ. ನನ್ನ ಹೆಂಡತಿ ಅದನ್ನು ಹುಡುಕಿಕೊಂಡದ್ದು ನಾನು ಬಿಟ್ಟದ್ದಕ್ಕಿಂತ ಮೊದಲು.

ಇಲ್ಲಿ ಮದುವೆಗೆ, ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳಿಗೆ ಕರೆಯುತ್ತಾರೆ. ನೆಂಟರಿಗೆ ಗ್ಲಾಸ್ ಕೊಡುವುದು ಅನೇಕ ಮನೆಗಳಲ್ಲಿ ಮರ್ಯಾದೆ, ಅದರಲ್ಲಿ ತಪ್ಪೇನೂ ಇಲ್ಲ. ನಾನು 'ಕುಡಿಯುವುದಿಲ್ಲ, ಕಾಫಿ ಕೊಡಿ' ಅಂತ ಮೊದಲೇ ಹೇಳಿಬಿಡುತ್ತೇನೆ. ಈ ಒಂಬತ್ತು ವರ್ಷದಲ್ಲಿ ಯಾರೂ ಎರಡನೇ ಸಲ ಒತ್ತಾಯ ಮಾಡಿಲ್ಲ. ಮೊದಲ ಕೆಲವು ತಿಂಗಳು ಮಾತ್ರ ಅಂಥ ಕಡೆ ಹೋಗದೇ ಇದ್ದರೆ ಒಳ್ಳೆಯದು. ಹೋಗಲೇಬೇಕಾದರೆ ಗುಂಪಿನ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕೊಡಗಿನಲ್ಲಿ ರೈಲಿಲ್ಲ, ಸಂಜೆಯಾದರೆ ಬಸ್ಸೂ ಕಮ್ಮಿ. ಮೀಟಿಂಗ್‌ಗೆ ಹೊರಡುವ ಮುಂಚೆ ವಾಪಸ್ ಬರುವ ಕೊನೇ ಬಸ್ ಎಷ್ಟಕ್ಕೆ ಅಂತ ಕೇಳಿಟ್ಟುಕೊಳ್ಳಿ. ಗುಂಪಿನವರಿಗೆ ಹೇಳಿದರೆ ಬೈಕಲ್ಲೋ ಜೀಪಲ್ಲೋ ಬಿಡುತ್ತಾರೆ, ಸಂಕೋಚ ಬೇಡ. ಮಳೆಗಾಲದಲ್ಲಿ ದಾರಿ ಕಟ್ಟಿಹೋದರೆ ಆನ್‌ಲೈನ್ ಮೀಟಿಂಗ್ ಇದೆ. ನಡುರಾತ್ರಿ ತಡೆಯಲಾಗದೆ ಹೋದರೆ 14416, ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಎರಡೂ ನಂಬರನ್ನು ಈಗಲೇ ಫೋನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತಲೂ ನೋಡಿಟ್ಟುಕೊಳ್ಳಿ. ನಮ್ಮ ತೋಟದಲ್ಲಿ ಅದು ಪಲ್ಪಿಂಗ್ ಶೆಡ್ಡಿನ ಹಿಂದಿನ ಮೆಟ್ಟಿಲು.