ಆಲ್-ಇನ್ ಬಂದಾಗ ನನ್ನ ಲೆಕ್ಕ

ಪೋಕರ್‌ನಲ್ಲಿ ಎದುರಿನವನು ಆಲ್-ಇನ್ ಅಂದಾಗ, ಅಂದರೆ ತನ್ನ ಚಿಪ್ಸ್ ಎಲ್ಲಾ ಪಣಕ್ಕಿಟ್ಟಾಗ, ನಾನು ಕೈಯಲ್ಲಿನ ಎಲೆಗಿಂತ ಮೊದಲು ಪಾಟ್ (ನಡುವೆ ಸೇರಿರುವ ಪಣ) ನೋಡುತ್ತೇನೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಈಗ ಆಡೋದು ಪುಕ್ಕಟೆ ಚಿಪ್ಸ್‌ನಲ್ಲಿ. ಲೆಕ್ಕ ಮಾತ್ರ ಬದಲಾಗಿಲ್ಲ.

ಮೊನ್ನೆ ಟಿಳಕವಾಡಿಯ ಮನೆಯಲ್ಲಿ ಊಟ ಮುಗಿಸಿ ಆನ್‌ಲೈನ್‌ನಲ್ಲಿ ಆಡ್ತಾ ಕೂತಿದ್ದೆ. ನನ್ನ ಕೈಯಲ್ಲಿ ಹಾರ್ಟ್ಸ್ ಎಕ್ಕ, ಹಾರ್ಟ್ಸ್ ಗುಲಾಮ. ಟೇಬಲ್ ಮೇಲೆ, ಇಬ್ಬರೂ ಬಳಸಬಹುದಾದ ಎಲೆಗಳಾಗಿ, ಹಾರ್ಟ್ಸ್ ರಾಜ, ಹಾರ್ಟ್ಸ್ 8, ಕ್ಲಬ್ಸ್ 4. ನಾಲ್ಕನೇ ಎಲೆಯಾಗಿ (ಟರ್ನ್) ಸ್ಪೇಡ್ಸ್ 2 ಬಿತ್ತು, ಇನ್ನೊಂದೇ ಎಲೆ ಬಾಕಿ. ಪಾಟ್‌ನಲ್ಲಿ 3,000 ಇತ್ತು. ಎದುರಿನವನು ಉಳಿದ 1,500 ಪೂರ್ತಿ ತಳ್ಳಿದ.

ಪಕ್ಕದಲ್ಲಿ ಕೂತಿದ್ದ ಕಾಕಾನ ಮಗ, "ಅಣ್ಣಾ, ಎಕ್ಕಾ ಐತಲ್ಲ, ಒತ್ತಿಬಿಡು" ಅಂದ.

ನಾನು 1,500 ಹಾಕಿದರೆ ಒಟ್ಟು 6,000. ಅಂದರೆ ನೂರಕ್ಕೆ 25 ಸಲವಾದರೂ ಗೆಲ್ಲಬೇಕು. ಕಾಣದ ಎಲೆ 46. ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗೋಕೆ 9 ಹಾರ್ಟ್ಸ್ ಉಳಿದಿವೆ, ಹತ್ತಿರಹತ್ತಿರ 20 ಪರ್ಸೆಂಟ್. ಸಾಲದು. ಎಕ್ಕ ಬಂದರೆ ನನಗೆ ಎಕ್ಕದ ಜೋಡಿ, ಅದು ರಾಜನ ಜೋಡಿಗಿಂತ ದೊಡ್ಡದು; ಉಳಿದ ಮೂರು ಎಕ್ಕವನ್ನೂ ಸೇರಿಸಿದರೆ 26. ಸಾಕು! ಜಾಸ್ತಿ ಜನ ಇಲ್ಲೇ ಕಾಲ್ (ಅಷ್ಟೇ ಹಾಕಿ ಮುಂದುವರಿಯೋದು) ಒತ್ತಿಬಿಡ್ತಾರೆ.

ಆದರೆ ಆ ಮೂರು ಎಕ್ಕ ನಿಜವಾಗಿ ನನ್ನವೇ? ಅವನ ಹತ್ತಿರ ರಾಜ-ರಾಣಿ ಇದ್ದರೆ ಹೌದು. ಎಕ್ಕ-ರಾಜ ಇದ್ದರೆ ಎಕ್ಕ ಬಂದರೂ ಅವನಿಗೆ ಎರಡು ಜೋಡಿ, ನನಗೆ ಒಂದೇ. ಅವನ ಕೈಯಲ್ಲಿ ಎರಡು ಎಂಟಿದ್ದು, ಟೇಬಲ್ ಮೇಲಿನದರ ಜೊತೆ ಮೂರು ಎಂಟು ಆಗಿದ್ದರೆ ಇನ್ನೂ ಕಷ್ಟ: ಹಾರ್ಟ್ಸ್ 4 ಅಥವಾ 2 ಬಿದ್ದರೆ ನನಗೆ ಫ್ಲಶ್, ಅವನಿಗೆ ಅದಕ್ಕಿಂತ ದೊಡ್ಡ ಫುಲ್ ಹೌಸ್ (ಒಂದೇ ಅಂಕಿಯ ಮೂರು, ಜೊತೆಗೊಂದು ಜೋಡಿ). ಆಗ ಅವನ ಎರಡು ಎಲೆ ಬಿಟ್ಟು 44ರಲ್ಲಿ ನನಗೆ ಉಳಿಯೋದು 7 ಎಲೆ, ಸುಮಾರು 16 ಪರ್ಸೆಂಟ್.

ಫ್ಲಶ್‌ಗೆ ಕಾಯುವಾಗ ಈ ಎದುರಿನವನು ಸುಮ್ನೆ ಕಾಲ್ ಮಾಡ್ತಾ ಹೋಗ್ತಾನೆ, ತಳ್ಳೋದಿಲ್ಲ. ಅವನ ಹೆಸರಿನ ಪಕ್ಕ ಅದನ್ನು ನೋಟ್ ಮಾಡಿಟ್ಟಿದ್ದೆ. ಹಾಗಾಗಿ ಇದು ಪೊಳ್ಳು ಬೆದರಿಕೆ ಅನ್ನಿಸಲಿಲ್ಲ. ರಾಜ-ರಾಣಿ 12 ಬಗೆಯಲ್ಲಿ ಬರಬಹುದು, ಎಕ್ಕ-ರಾಜ 9 ಬಗೆ, ಮೂರು 8, ಮೂರು 4, ಮೂರು 2 ಎಲ್ಲಾ ಸೇರಿ 9 ಬಗೆ. ಎಲ್ಲವನ್ನೂ ತೂಗಿದರೆ ನನ್ನ ಪಾಲು 22 ದಾಟಲ್ಲ. ಇಷ್ಟನ್ನೆಲ್ಲ ಟೈಮರ್ ಓಡುವಾಗ ಕೂಡಿಸಿ ಕಳೆಯೋಕಾಗಲ್ಲ, ನಿಜ. "ಎಕ್ಕ ಅರ್ಧ ಸಲ ಮಾತ್ರ ನನ್ನದು" ಅಂತ ಹಿಡಿದೆ, ಅಷ್ಟು ಸಾಕಾಯ್ತು. ಫೋಲ್ಡ್, ಅಂದರೆ ಎಲೆ ಬಿಟ್ಟೆ.

"ಫ್ಲಶ್ ಆದರೆ ಮುಂದೆ ಇನ್ನಷ್ಟು ವಸೂಲು ಮಾಡಬಹುದಲ್ವಾ?" ಅಂತ ಹುಡುಗ ಕೇಳಿದ. ಎದುರಿನವನ ಚಿಪ್ಸ್ ಎಲ್ಲಾ ಒಳಗೆ ಬಂದಾಗಿದೆ, ಇನ್ನೆಲ್ಲಿಂದ ವಸೂಲು?

ಕೊನೆಯ ಎಲೆ (ರಿವರ್) ಬಿದ್ದ ಮೇಲೆ ಆಲ್-ಇನ್ ಬಂದರೆ ಎಲೆ ಎಣಿಸೋ ಮಾತೇ ಇಲ್ಲ. ಪಾಟ್‌ನಷ್ಟೇ ತಳ್ಳಿದರೆ ಮೂರರಲ್ಲಿ ಒಂದು ಸಲ ಗೆಲ್ಲಬೇಕು. ಪುಕ್ಕಟೆ ಟೇಬಲ್‌ನಲ್ಲಿ ಪ್ರತಿ ಕೈಗೂ ತಳ್ಳುವವರಿಗೆ ನಾನು ಒಂದು ಒಳ್ಳೆ ಜೋಡಿಯಲ್ಲೇ ಕಾಲ್ ಕೊಡ್ತೇನೆ. ಅಲ್ಲಿವರೆಗೂ ತೆಪ್ಪಗಿದ್ದವನು ದಿಢೀರಂತ ತಳ್ಳಿದರೆ ಅದೇ ಜೋಡಿಯನ್ನು ಬಿಟ್ಟುಬಿಡ್ತೇನೆ.