ಮಗು ಬಂದ ಮೊದಲ ರಾತ್ರಿ

ಹೆತ್ತವರ ಬಳಿ ಇರಲಾಗದ ಮಗುವನ್ನು ಕೆಲಕಾಲ ನಮ್ಮ ಮನೆಯಲ್ಲಿಟ್ಟು ಸಾಕುವುದೇ ತಾತ್ಕಾಲಿಕ ಪೋಷಕತ್ವ. ಅದಕ್ಕೆ ಹೆಸರು ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಅವರು ಮನೆಗೆ ಬಂದು ನೋಡುತ್ತಾರೆ, ಮನೆಮಂದಿಯನ್ನು ಮಾತಾಡಿಸುತ್ತಾರೆ. ಮಗುವನ್ನು ಒಪ್ಪಿಸುವ ಆದೇಶ ಮಾತ್ರ ಮಕ್ಕಳ ಕಲ್ಯಾಣ ಸಮಿತಿಯದು. ಇದು ದತ್ತು ಅಲ್ಲ. ಬೀದಿಯಲ್ಲಿ ಸಿಕ್ಕ ಮಗುವನ್ನು ಎಷ್ಟೇ ಕರುಣೆಯಿದ್ದರೂ ನೀವಾಗಿ ಇಟ್ಟುಕೊಳ್ಳುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, 24 ಗಂಟೆಯೊಳಗೆ ಮಗು ಸಮಿತಿಯ ಮುಂದಿರಬೇಕು.

ನನ್ನ ಮನೆಗೆ ಮೊದಲು ಬಂದವಳಿಗೆ ಆರು ವರ್ಷ. ಬಂದ ಕೂಡಲೇ ಸ್ನಾನ ಮಾಡಿಸಿ ಅವಳ ಹಳೇ ಫ್ರಾಕನ್ನು ಒಗೆದುಬಿಟ್ಟೆ. ರಾತ್ರಿಯಿಡೀ ಅತ್ತಳು. ಅದರಲ್ಲಿ ಅವಳ ಅಮ್ಮನ ವಾಸನೆ ಇತ್ತು ಅಂತ ನನಗೆ ಹೊಳೆದದ್ದು ಬೆಳಗಿನ ಜಾವ. ಆಮೇಲೆ ಯಾವ ಮಗುವಿನ ಬಟ್ಟೆಯನ್ನೂ ಕೇಳದೆ ಒಗೆದಿಲ್ಲ.

ಊಟಕ್ಕೆ ಬಿಸಿ ಅನ್ನ, ತಿಳಿಸಾರು, ತುಪ್ಪ ಸಾಕು. ಬಚ್ಚಲು ಎಲ್ಲಿದೆ, ನೀವೆಲ್ಲಿ ಮಲಗುತ್ತೀರಿ ತೋರಿಸಿ. ಪಡಸಾಲೆಯ ದೀಪ ಆರಿಸಬೇಡಿ. ಏನಾಯ್ತು ಎಂದು ಕೆದಕಬೇಡಿ. ದಿಂಬಿನಡಿ ರೊಟ್ಟಿ ಬಚ್ಚಿಟ್ಟರೆ ಬೈಯಬೇಡಿ, ಒಂದು ಮುಚ್ಚಳದ ಡಬ್ಬಿ ಕೊಡಿ. ಫೋಟೊ ವಾಟ್ಸಾಪಿಗೆ ಹಾಕಲೇಬಾರದು.

“ಅಮ್ಮ ಯಾವಾಗ ಬರ್ತಾಳೆ?” ಅಂದರೆ “ನಾಳೆ” ಅನ್ನಬೇಡಿ. “ನಂಗೂ ಗೊತ್ತಿಲ್ಲ ಪುಟ್ಟಿ, ಗೊತ್ತಾದ ತಕ್ಷಣ ನಿಂಗೇ ಮೊದಲು ಹೇಳ್ತೀನಿ” ಅನ್ನಿ.