ಎರಡು ಸೆಕ್ಷನ್‌ಗಳ ಸರಾಸರಿ ಹೋಲಿಸುವ ಮೊದಲು ತಲೆ ಎಣಿಸಿ

ಪರೀಕ್ಷೆ ಮುಗಿದು ಮಾರ್ಕ್ಸ್ ಕೈಗೆ ಬಂತು ಅಂದರೆ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದೇ ಮಾತು. ಎ ಸೆಕ್ಷನ್ ಎಷ್ಟು, ಬಿ ಸೆಕ್ಷನ್ ಎಷ್ಟು, ಹೋದ ವರ್ಷಕ್ಕಿಂತ ಯಾಕೆ ಇಳಿಯಿತು? ಆಮೇಲೆ ಮೀಟಿಂಗಿನಲ್ಲಿ ಯಾರೋ ಒಬ್ಬ ಮೇಷ್ಟ್ರಿಗೆ ಎಲ್ಲರ ಮುಂದೆ ಮಂಗಳಾರತಿ. ಚೆನ್ನಾಗಿ ಪಾಠ ಮಾಡಿದವರೇ ತಪ್ಪು ಲೆಕ್ಕದಿಂದ ಬೈಸಿಕೊಳ್ಳುವುದನ್ನು ನೋಡಿ ನೋಡಿ ಬೇಜಾರಾಗಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಕೂಡಿಸಿ, ಭಾಗಿಸಿ. ಇದು ಎಲ್ಲರಿಗೂ ಗೊತ್ತು. ಒಂದೇ ಎಚ್ಚರಿಕೆ: ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ 70 + 72 + 68 ÷ 3 ಅಂತ ಒಂದೇ ಉಸಿರಿಗೆ ಒತ್ತಬೇಡಿ. ಅದು ಮೊದಲು 68ನ್ನು ಮಾತ್ರ 3ರಿಂದ ಭಾಗಿಸಿ 164.67 ಅನ್ನುತ್ತದೆ. ಕೂಡಿಸಿದ ಮೇಲೆ ಒಮ್ಮೆ = ಒತ್ತಿ, ಆಮೇಲೆ ಭಾಗಿಸಿ. ಆಗ 70 ಬರುತ್ತದೆ.

ಹಂತ 2: ಎಷ್ಟರಿಂದ ಭಾಗಿಸಬೇಕು ಅಂತ ಮೊದಲೇ ತೀರ್ಮಾನಿಸಿ. ಕ್ರಿಕೆಟ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ರಾಹುಲ್ ದ್ರಾವಿಡ್ ಟೆಸ್ಟಿನಲ್ಲಿ 286 ಇನಿಂಗ್ಸ್ ಆಡಿ 13,288 ರನ್ ಹೊಡೆದರು. 286ರಿಂದ ಭಾಗಿಸಿದರೆ 46.46. ಆದರೆ 32 ಸಲ ಅವರು ನಾಟೌಟ್. ಬ್ಯಾಟಿಂಗ್ ಸರಾಸರಿಗೆ ಔಟಾದ ಸಲಗಳನ್ನಷ್ಟೇ ಎಣಿಸುವುದು ನಿಯಮ, ಹಾಗಾಗಿ 254ರಿಂದ ಭಾಗಿಸಿ 52.31. ರನ್ ಅಷ್ಟೇ, ಆಟಗಾರ ಅವರೇ, ಸರಾಸರಿ ಮಾತ್ರ ಬೇರೆ.

ಕ್ಲಾಸಿನಲ್ಲಿ ಈ ಗೊಂದಲ ಬರುವುದು ಗೈರುಹಾಜರಾದ ಮಕ್ಕಳಿಂದ. ಎಕ್ಸೆಲ್‌ನಲ್ಲಾಗಲಿ ಗೂಗಲ್ ಶೀಟ್ಸ್‌ನಲ್ಲಾಗಲಿ ಆವರೇಜ್ ಫಾರ್ಮುಲಾ ಖಾಲಿ ಬಿಟ್ಟ ಮನೆಯನ್ನು (ಸೆಲ್) ಎಣಿಸುವುದಿಲ್ಲ, ಸೊನ್ನೆ ಹಾಕಿದ ಮನೆಯನ್ನು ಎಣಿಸುತ್ತದೆ. ಒಬ್ಬ ಟೀಚರ್ ಖಾಲಿ ಬಿಟ್ಟು ಇನ್ನೊಬ್ಬರು ಸೊನ್ನೆ ಹಾಕಿದರೆ ಆ ಎರಡು ಸೆಕ್ಷನ್‌ಗಳನ್ನು ಹೋಲಿಸುವುದರಲ್ಲಿ ಅರ್ಥವೇ ಇಲ್ಲ. ನನ್ನ ಮಾತು ಕೇಳಿ, ಪರೀಕ್ಷೆ ಬರೆಯದವರ ಮನೆ ಖಾಲಿಯೇ ಇರಲಿ, ಎಷ್ಟು ಜನ ಬರೆಯಲಿಲ್ಲ ಅಂತ ಪಕ್ಕದಲ್ಲಿ ಬರೆದಿಡಿ.

ಹಂತ 3: ಗುಂಪುಗಳನ್ನು ಸೇರಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಎ ಸೆಕ್ಷನ್‌ನಲ್ಲಿ 20 ಮಕ್ಕಳು, ಸರಾಸರಿ 80. ಬಿ ಸೆಕ್ಷನ್‌ನಲ್ಲಿ 60 ಮಕ್ಕಳು, ಸರಾಸರಿ 60. ಇಡೀ ತರಗತಿಯದ್ದು ಎಷ್ಟು? ಹತ್ತರಲ್ಲಿ ಎಂಟು ಜನ 70 ಅಂದುಬಿಡುತ್ತಾರೆ, 80 ಮತ್ತು 60ರ ನಡುವೆ 70 ತಾನೇ ಅಂತ. ತಪ್ಪು. ಎ ಸೆಕ್ಷನ್ ಒಟ್ಟು ಅಂಕ 20 × 80 = 1600. ಬಿ ಸೆಕ್ಷನ್ ಒಟ್ಟು 60 × 60 = 3600. ಎರಡೂ ಸೇರಿ 5200, ಮಕ್ಕಳು 80. ಸರಾಸರಿ 65. ಸರಾಸರಿಗಳ ಸರಾಸರಿ ತೆಗೆಯಬೇಕಾದರೆ ಗುಂಪುಗಳಲ್ಲಿ ತಲೆಗಳು ಸರಿಸಮ ಇರಬೇಕು, ಇಲ್ಲದಿದ್ದರೆ ಒಟ್ಟು ಅಂಕಕ್ಕೇ ವಾಪಸ್ ಹೋಗಬೇಕು. ಶಾಲೆಗಳಿಗೆ ಮಾರುವ ಕೆಲವು ಸಾಫ್ಟ್‌ವೇರ್‌ಗಳೇ ಈ 70ನ್ನು ಅಚ್ಚುಕಟ್ಟಾಗಿ ಪ್ರಿಂಟ್ ಹಾಕಿ ಕೊಡುತ್ತವೆ. ಕೊಳ್ಳುವ ಮೊದಲು ಇದೇ 20–60 ಲೆಕ್ಕ ಹಾಕಿ ನೋಡಿ, 65 ಬರದಿದ್ದರೆ ಬೇಡ ಅನ್ನಿ.

ಇನ್ನೂ ಕಷ್ಟದ್ದು ಮುಂದಿದೆ. ಒಂದು ಹೈಸ್ಕೂಲಿನ ಎಂಟನೇ ಕ್ಲಾಸ್ ಗಣಿತ ಅಂದುಕೊಳ್ಳಿ. ಹೋದ ವರ್ಷದ ಲೆಕ್ಕ: ಅದೇ ಶಾಲೆಯಲ್ಲಿ ಓದಿಕೊಂಡು ಬಂದ ಹಳೆ ಮಕ್ಕಳು 60, ಸರಾಸರಿ 70. ಬೇರೆ ಕಡೆಯಿಂದ ಹೊಸದಾಗಿ ಸೇರಿದವರು 20, ಸರಾಸರಿ 50. ಒಟ್ಟು 5200, ಸರಾಸರಿ 65. ಈ ವರ್ಷ ಹಳಬರು 30, ಸರಾಸರಿ 73. ಹೊಸಬರು 50, ಸರಾಸರಿ 53. ಎರಡೂ ಗುಂಪು ಮೂರು ಮೂರು ಅಂಕ ಮೇಲೆ ಬಂದಿವೆ. ಈಗ ಕೂಡಿಸಿ: 2190 + 2650 = 4840, ಅದನ್ನು 80ರಿಂದ ಭಾಗಿಸಿದರೆ 60.5. ನಾಲ್ಕೂವರೆ ಅಂಕ ಕುಸಿತ! ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಕಡಿಮೆ ಅಂಕದ ಗುಂಪಿನಲ್ಲಿ ಈ ಸಲ ಮಕ್ಕಳು ಜಾಸ್ತಿ, ಒಟ್ಟು ಸರಾಸರಿಯನ್ನು ಅದೇ ಕೆಳಕ್ಕೆ ಎಳೆದಿದೆ. ಈ ಟೀಚರಿಗೆ ಬೈಯುವುದು ಅನ್ಯಾಯ ಅಲ್ವಾ?

ನ್ಯಾಯವಾಗಿ ಹೋಲಿಸಬೇಕಾದರೆ ಹೀಗೆ ಮಾಡಿ. ಈ ವರ್ಷದ ಸರಾಸರಿ ತಗೊಳ್ಳಿ, ಹೋದ ವರ್ಷದ ತಲೆಲೆಕ್ಕ ಹಾಕಿ. 73 × 60 = 4380, 53 × 20 = 1060. ಕೂಡಿದರೆ 5440, ಭಾಗಿಸು 80, ಬಂತು 68. ಹೋದ ವರ್ಷದ 65ಕ್ಕೆ ಇದನ್ನು ಹೋಲಿಸಿ. ಮೂರು ಅಂಕ ಏರಿದ್ದು ಈಗ ಕಾಣುತ್ತದೆ. ಎರಡೇ ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ.

ಅದಕ್ಕೇ ರಿಜಿಸ್ಟರಿನಲ್ಲಿ ಬರೀ ಸರಾಸರಿ ಬರೆದಿಡಬೇಡಿ. ಮೂರು ಕಾಲಂ ಇರಲೇಬೇಕು: ಗುಂಪು, ಎಷ್ಟು ಮಕ್ಕಳು, ಒಟ್ಟು ಅಂಕ. ಸರಾಸರಿಯನ್ನು ಬೇಕಾದಾಗ ತೆಗೆಯಬಹುದು. ಬರೀ ಸರಾಸರಿ ಉಳಿದರೆ ಒಟ್ಟು ಅಂಕ ವಾಪಸ್ ಸಿಗುವುದಿಲ್ಲ. 64.5 ಬಂದದ್ದನ್ನು ಮಧ್ಯದಲ್ಲೇ 65 ಮಾಡಿಬಿಡುವ ಅಭ್ಯಾಸವನ್ನೂ ಬಿಡಿ, ಪೂರ್ಣಾಂಕ ಮಾಡುವುದೇನಿದ್ದರೂ ಕೊನೆಗೆ.

ಹಂತ 4: ನಡುವಿನ ಸಂಖ್ಯೆಯನ್ನೂ ನೋಡಿ. 35, 38, 40, 42, 95. ಸರಾಸರಿ 50, ಆದರೆ ಐವರಲ್ಲಿ ನಾಲ್ವರು ಅದಕ್ಕಿಂತ ಕೆಳಗಿದ್ದಾರೆ. ಅಂಕಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ಮಧ್ಯದಲ್ಲಿ ಬರುವ 40 ಆ ಗುಂಪಿನ ಸ್ಥಿತಿಯನ್ನು ಹೆಚ್ಚು ಚೆನ್ನಾಗಿ ಹೇಳುತ್ತದೆ. ಎರಡರ ನಡುವೆ ಇಷ್ಟು ಅಂತರ ಕಂಡರೆ ಸರಾಸರಿಯನ್ನೊಂದೇ ಹಿಡಿದು ಹೋಲಿಸಬೇಡಿ.

ಹಂತ 5: ಗುಂಪು ಚಿಕ್ಕದಾದರೆ ಅವಸರ ಬೇಡ. ಐದು ಮಕ್ಕಳ ಗುಂಪಿನಲ್ಲಿ ಒಂದೇ ಮಗು 20 ಅಂಕ ಜಾಸ್ತಿ ತಗೊಂಡರೆ ಸರಾಸರಿ 4 ಏರುತ್ತದೆ. 50 ಮಕ್ಕಳಿದ್ದರೆ ಅದೇ 20 ಅಂಕ ಬರೀ 0.4. ಹಾಗಾಗಿ ನೋಟಿಸ್ ಬೋರ್ಡಿಗೆ ಹಾಕುವಾಗ ಸರಾಸರಿಯ ಪಕ್ಕದಲ್ಲೇ ಮಕ್ಕಳ ಸಂಖ್ಯೆಯನ್ನೂ ಬರೆಯಿರಿ: "ಹಳಬರು 73, 30 ಮಕ್ಕಳು, ಹೊಸಬರು 53, 50 ಮಕ್ಕಳು, ಗೈರು ಇಬ್ಬರು, ಲೆಕ್ಕಕ್ಕೆ ಸೇರಿಸಿಲ್ಲ."